ನಿಲ್ಲಲು ಕಲಿಯುವ ನಾಯಿ

ಬಂಟ್ವಾಳದಿಂದ ಮೂಡುಬಿದಿರೆಗೆ, ಅಲ್ಲಿಂದ ವೇಣೂರು ದಾಟಿ ಬೆಳ್ತಂಗಡಿಗೆ ಹೋಗುವವರಿಗೆ ದಾರಿಯುದ್ದಕ್ಕೂ ಎರಡು ಬಗೆಯ ನೆಲ ಕಾಣುತ್ತದೆ. ತಗ್ಗಿನಲ್ಲಿ ಬೈಲು, ಗದ್ದೆ, ಅಡಿಕೆ ತೋಟ. ಏರಿನಲ್ಲಿ ಮುರಕಲ್ಲಿನ ಪದವು. ಮಳೆಗಾಲದಲ್ಲಿ ಹಸಿರಾಗಿ ಮೆರೆಯುವ ಈ ಪದವುಗಳು ಡಿಸೆಂಬರ್ ಹೊತ್ತಿಗೆ ಹೊಂಬಣ್ಣಕ್ಕೆ ತಿರುಗುತ್ತವೆ. ಆ ಒಣ ಹುಲ್ಲಿನ ನಡುವೆ ಕಾಲುದಾರಿ ಬಿಟ್ಟು ನಾಲ್ಕು ಹೆಜ್ಜೆ ಹಾಕಿದವರ ಕಾಲಬುಡದಿಂದಲೇ ಒಮ್ಮೆ ಭರ್ರೆಂದು ಮುಷ್ಟಿಗಾತ್ರದ ಹಕ್ಕಿಗಳು ನಾಲ್ಕೂ ದಿಕ್ಕಿಗೆ ಸಿಡಿದು, ಐವತ್ತು ಮಾರು ದೂರದಲ್ಲಿ ಮತ್ತೆ ಹುಲ್ಲೊಳಗೆ ಬಿದ್ದು ಮಾಯವಾಗುತ್ತವೆ. ಬುರ್ಲಿ, ಲಾವಕ್ಕಿ ಎಂದು ಕರೆಸಿಕೊಳ್ಳುವ ಗುಂಪಿಗೆ ಸೇರಿದ ಹಕ್ಕಿಗಳಿವು. ಕಣ್ಣಿಗೆ ಬೀಳುವುದು ಹಾರಿದಾಗ ಮಾತ್ರ. ಹಾರುವ ಮೊದಲೇ ಅವು ಎಲ್ಲಿವೆ ಎಂದು ಹೇಳಬಲ್ಲ ಪ್ರಾಣಿ ಮನುಷ್ಯನ ಸಹವಾಸದಲ್ಲಿ ಒಂದೇ ಒಂದು: ನಾಯಿ.

ಅಮೆರಿಕದ ಜಾರ್ಜಿಯಾ, ಟೆನೆಸಿ ರಾಜ್ಯಗಳಲ್ಲಿ ಬಾಬ್‌ವೈಟ್ ಎಂಬ ಬುರ್ಲಿಯ ಬೇಟೆ ದೊಡ್ಡ ಸಂಸ್ಕೃತಿಯೇ ಆಗಿ ಬೆಳೆದಿದೆ. ಅದಕ್ಕಾಗಿ ಪಾಯಿಂಟರ್, ಸೆಟರ್ ತಳಿಯ ಮರಿಗಳನ್ನು ಎರಡು ತಿಂಗಳ ಪ್ರಾಯದಿಂದಲೇ ಪಳಗಿಸುತ್ತಾರೆ. ಆ ವಿದ್ಯೆ ಕರಾವಳಿಯ ಓದುಗನಿಗೆ ಯಾಕೆ ಬೇಕು ಎಂಬ ಪ್ರಶ್ನೆ ಸಹಜ. ಇಲ್ಲಿ ಬುರ್ಲಿಗೆ ಕೋವಿ ಎತ್ತುವಂತಿಲ್ಲ. ಆದರೆ ಲ್ಯಾಬ್ರಡಾರ್, ಬೀಗಲ್, ಕಾಕರ್ ಸ್ಪೇನಿಯಲ್ ಇಲ್ಲದ ಬಡಾವಣೆ ಈಗ ಬಿ.ಸಿ.ರೋಡಿನಲ್ಲೂ ಇಲ್ಲ, ಉಜಿರೆಯಲ್ಲೂ ಇಲ್ಲ. ಸಿಟೌಟಿನ ತಣ್ಣನೆ ಟೈಲ್ಸಿನ ಮೇಲೆ ಮಲಗಿ ಬಿಸ್ಕತ್ತಿಗೆ ಬಾಲ ಆಡಿಸುವ ಈ ಮೂರೂ ಹುಟ್ಟಾ ಬೇಟೆನಾಯಿಗಳು. ಒಂದು ಗುಂಡು ತಗಲಿ ನೀರಿಗೆ ಬಿದ್ದ ಬಾತನ್ನು ಹೆಕ್ಕಿ ತರಲು, ಇನ್ನೊಂದು ಮೊಲದ ವಾಸನೆ ಹಿಡಿದು ಓಡಲು, ಮತ್ತೊಂದು ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸಲು ಎಂದೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿಗಳು. ಒಡೆಯ ಮರೆತರೂ ಅವುಗಳ ಮೂಗು ಅದನ್ನು ಮರೆತಿಲ್ಲ. ಪಕ್ಕದ ಮನೆಯ ಹೇಂಟೆಯನ್ನು ಕೇಳಿದರೆ ಗೊತ್ತಾದೀತು.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗ ಸಣ್ಣ ಬೇಟೆಗೆ ಲೈಸೆನ್ಸ್ ಕೊಡುವ ಅವಕಾಶ ಅದರಲ್ಲಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಬೇರೆಯೇ ಇದೆ. ಕಾಯಿದೆಯ ಕಣ್ಣಲ್ಲಿ ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ನಾಯಿ ಬಿಟ್ಟು ಅಟ್ಟಿಸುವುದು, ಸೋವುವುದು, ಉರುಳು ಒಡ್ಡುವುದು, ಇವಕ್ಕೆ ಪ್ರಯತ್ನಿಸುವುದು ಕೂಡ ಬೇಟೆಯೇ. ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಟ್ಟರೂ ಅದೇ ಲೆಕ್ಕ. ಅಂದರೆ ಕೈಯಲ್ಲಿ ಕೋವಿ ಇಲ್ಲದೆ, ಬರೀ ಮರಿಯ ಅಭ್ಯಾಸಕ್ಕೆಂದು ಪದವಿನ ಹಕ್ಕಿಗಳ ಮೇಲೆ ನಾಯಿ ಬಿಡುವಂತಿಲ್ಲ. ದಕ್ಷಿಣ ಕನ್ನಡದಲ್ಲಿ ಈಗ ಉಳಿದಿರುವುದು ಬೆಳೆ ರಕ್ಷಣೆಯ ಕೋವಿ. ಅದನ್ನೂ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಯ್ದು ಒಪ್ಪಿಸಬೇಕು ಎಂಬುದು ಕೃಷಿಕರ ಹಳೆಯ ಗೋಳು.

ಹಾಗೆಂದು ನಾಯಿ ಮತ್ತು ಬೇಟೆಯ ನಂಟು ಈ ನೆಲಕ್ಕೆ ಪರದೇಶದಿಂದ ಬಂದದ್ದಲ್ಲ. ಕನ್ನಡ ನಾಡಿನಲ್ಲಿ ಬೇಟೆನಾಯಿಗೆ ವೀರಗಲ್ಲೇ ಇದೆ. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949–50ರ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೆರ ಬಹುಮಾನವಾಗಿ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ನಾಯಿಗಳಿಗೆ ಸಾರಮೇಯ ವಿನೋದ, ಗಿಡುಗಗಳಿಗೆ ಶ್ಯೇನ ವಿನೋದ ಎಂಬ ಭಾಗಗಳೇ ಉಂಟು.

ತುಳುನಾಡಿನಲ್ಲಿ ಬೇಟೆಯ ಹಬ್ಬ ಎಂದರೆ ಕೆಡ್ಡಸ. ಫೆಬ್ರವರಿ ಎರಡನೆಯ ವಾರದ ಆಸುಪಾಸಿಗೆ, ತುಳುವರ ಪುಯಿಂತೆಲ್ ತಿಂಗಳ ಕೊನೆಗೆ ಅದು ಬರುತ್ತದೆ. ಭೂಮಿ ತಾಯಿ ಮುಟ್ಟಾಗುವ ದಿನಗಳೆಂಬ ನಂಬಿಕೆ. ಉಳುವ ಹಾಗಿಲ್ಲ, ಅಗೆಯುವ ಹಾಗಿಲ್ಲ, ಹಸಿ ಕಡಿಯುವ ಹಾಗಿಲ್ಲ. ನಲಿಕೆಯವರು ಮನೆಮನೆಗೆ ಬಂದು ದಿನ ಸಾರುವಾಗ ಈ ನಿಷೇಧಗಳ ಜತೆಗೇ ಅರಸರ ಬೋಂಟೆಗೆ, ಅಂದರೆ ಬೇಟೆಗೆ, ಎಲ್ಲರೂ ಬರಬೇಕು ಎಂಬ ಕರೆಯೂ ಇರುತ್ತಿತ್ತು. ಒಂದು ಹುಲ್ಲುಕಡ್ಡಿಗೂ ನೋವಾಗಬಾರದ ದಿನಗಳಲ್ಲಿ ಹಂದಿಗೆ ಮಾತ್ರ ವಿನಾಯಿತಿ ಇರಲಿಲ್ಲ! ಕಾರಣ ಊಹಿಸಲು ಕಷ್ಟವಿಲ್ಲ. ನೇಗಿಲು ಬಿಟ್ಟ ಕೈಗಳಿಗೆ ಬಿಡುವು, ಎಲೆಯುದುರಿದ ಹಾಡಿಯಲ್ಲಿ ಕಣ್ಣಿಗೆ ಹರವು, ಗದ್ದೆಯ ಬೆಳೆಗೆ ಹಂದಿಯ ಕಾಟ. ಕೋಟಿ ಚೆನ್ನಯರ ಪಾಡ್ದನದಲ್ಲಿ ಎಣ್ಮೂರು ಮತ್ತು ಪಂಜದವರ ನಡುವೆ ಜಗಳ ಹತ್ತುವುದೂ ಒಂದು ಹಂದಿ ಬೇಟೆಯಿಂದಲೇ. ಅದೇ ಹಂದಿ ಪಂಜುರ್ಲಿ ದೈವವಾಗಿ ಗುತ್ತಿನ ಮನೆಗಳಲ್ಲಿ ಪೂಜೆ ಪಡೆಯುತ್ತದೆ. ಮೂಡುಬಿದಿರೆಯ ಚೌಟರು, ವೇಣೂರಿನ ಅಜಿಲರು ಜೈನ ಅರಸರು. ಅಹಿಂಸೆಯ ಬಸದಿ ಕಟ್ಟಿಸಿದ ಮನೆತನಗಳ ಸೀಮೆಯಲ್ಲಿ ಬೋಂಟೆಯ ಕರೆ ಅರಸರ ಹೆಸರಿನಲ್ಲೇ ಸಾರಿ ಬರುತ್ತಿದ್ದುದು ತುಳುನಾಡಿಗೆ ಅಂಥ ವಿಚಿತ್ರವಾಗಿ ಕಂಡಿರಲಿಕ್ಕಿಲ್ಲ.

ಈ ಹಂದಿ ಬೇಟೆಯ ನಾಯಿ ಬೇರೆ, ಬುರ್ಲಿ ಬೇಟೆಯ ನಾಯಿ ಬೇರೆ. ನಮ್ಮ ಕಡೆಯದು ಹಳು ಸೋವುವ ನಾಯಿ. ಬೊಗಳಬೇಕು, ಅಟ್ಟಬೇಕು, ಹಂದಿಯನ್ನು ಕಾದು ನಿಂತವರ ಕಡೆಗೆ ತಿರುಗಿಸಬೇಕು, ಸುತ್ತುಗಟ್ಟಬೇಕು. ಧೈರ್ಯವೇ ಅದರ ವಿದ್ಯೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಗುತ್ತಿಯ ನಾಯಿ ಹುಲಿಯನ ನೆನಪಿರುತ್ತದೆ. ಅದು ಈ ಜಾತಿ. ಇನ್ನೊಂದು ಬಗೆಯ ನಾಯಿ ಕನ್ನಡಿಗರಿಗೆ ಪರಿಚಯವಾದದ್ದು ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಮೂಡಿಗೆರೆಯಿಂದ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಮತ್ತು ‘ಪರಿಸರದ ಕತೆ’ಯಲ್ಲಿ ಓಡಾಡುವ ಕಿವಿ ಸ್ಪೇನಿಯಲ್ ಜಾತಿಯದು. ಹುಲಿಯ ಊರ ನಾಯಿ, ಕಿವಿ ಹೊರಗಿನಿಂದ ಬಂದ ತಳಿಯ ನಾಯಿ. ಮಲೆನಾಡಿಗೂ ಕರಾವಳಿಗೂ ಸ್ಪೇನಿಯಲ್‌ಗಳು ಬಂದದ್ದು ಕೋವಿ ಹಿಡಿದ ದೊರೆಗಳ, ಕಾಫಿ ತೋಟದವರ ಬೆನ್ನ ಹಿಂದೆ. ಇತ್ತ ಉತ್ತರ ಕರ್ನಾಟಕದ ಹೆಮ್ಮೆಯ ಮುಧೋಳ ನಾಯಿ ಮೂರನೆಯದೇ ಬಗೆ. ಅದು ಬಯಲಲ್ಲಿ ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯುವ ನಾಯಿ. ಹಾಡಿ, ಪೊದೆಗಳ ನಮ್ಮ ಗುಡ್ಡೆಯಲ್ಲಿ ಆ ವೇಗಕ್ಕೆ ಜಾಗವಿಲ್ಲ.

ಬುರ್ಲಿಯ ನಾಯಿ ಕಣ್ಣನ್ನು ನಂಬಿ ಕೆಲಸ ಮಾಡುವುದಿಲ್ಲ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಐವತ್ತು ಅರವತ್ತು ಲಕ್ಷದಷ್ಟಾದರೆ ನಾಯಿಯಲ್ಲಿ 20 ಕೋಟಿಗೂ ಹೆಚ್ಚು. ಒಳಗೆಳೆದ ಗಾಳಿ ಮೂಗಿನೊಳಗೆ ಎರಡು ದಾರಿ ಹಿಡಿಯುತ್ತದೆ: ಒಂದು ಪಾಲು ಶ್ವಾಸಕೋಶಕ್ಕೆ, ಇನ್ನೊಂದು ಪಾಲು ವಾಸನೆಯ ಕೋಣೆಗೆ. ಉಸಿರು ಬಿಡುವುದು ಹೊಳ್ಳೆಯ ಪಕ್ಕದ ಸೀಳಿನಿಂದ. ಹಾಗಾಗಿ ಎದುರಿಗಿರುವ ವಾಸನೆ ಚದುರುವುದಿಲ್ಲ. ಪಳಗಿದ ಪಾಯಿಂಟರ್ ಗಾಳಿಗೆ ಎದುರಾಗಿ ಅತ್ತಿಂದಿತ್ತ ಹಾವಿನ ನಡೆಯಲ್ಲಿ ಓಡುತ್ತದೆ. ವಾಸನೆಯ ಎಳೆ ತಗಲಿದ ಕ್ಷಣ ಓಟದ ನಡುವೆಯೇ ಗಕ್ಕನೆ ನಿಲ್ಲುತ್ತದೆ, ಒಂದು ಕಾಲು ಮೇಲೆತ್ತಿ, ಬಾಲ ಸೆಟೆಸಿ. ಹಕ್ಕಿ ಎದ್ದಿಲ್ಲ, ನಾಯಿ ನೋಡಿಯೂ ಇಲ್ಲ. ಸೆಟರ್ ನಾಯಿ ಹಿಂದೆ ನಿಲ್ಲುವುದಕ್ಕಿಂತ ನೆಲಕ್ಕೆ ತಗ್ಗುವುದೇ ಹೆಚ್ಚಾಗಿತ್ತು. ಕೋವಿ ಬರುವ ಮೊದಲು ಬೇಟೆಗಾರರು ಬಲೆ ಬೀಸುತ್ತಿದ್ದರು. ನಾಯಿ ತಗ್ಗಿ ಕೂತರೆ ಅದರ ಬೆನ್ನ ಮೇಲಿನಿಂದಲೇ ಬಲೆ ಹಾಯಿಸಬಹುದಿತ್ತು.

ಮರಿಗೆ ಈ ನಿಲ್ಲುವ ಗುಣ ಹುಟ್ಟಿನಿಂದಲೇ ಸ್ವಲ್ಪ ಬಂದಿರುತ್ತದೆ. ಎಂಟು ವಾರದ ಪಾಯಿಂಟರ್ ಮರಿಯ ಮುಂದೆ ಕೋಲಿನ ತುದಿಗೆ ದಾರ ಕಟ್ಟಿ, ದಾರಕ್ಕೊಂದು ರೆಕ್ಕೆ ಕಟ್ಟಿ ಆಡಿಸಿದರೆ ಅದು ಮೊದಲು ಹಾರಿ ಹಿಡಿಯಲು ನೋಡುತ್ತದೆ, ಆಮೇಲೆ ನಿಂತು ದಿಟ್ಟಿಸುತ್ತದೆ. ನೋಡುವವರಿಗೆ ಅದೊಂದು ಚೆಂದ. ಆದರೆ ಅನುಭವಿಗಳು ಈ ಆಟವನ್ನು ನಾಲ್ಕೈದು ಸಲಕ್ಕೇ ಮುಗಿಸುತ್ತಾರೆ. ಹೆಚ್ಚು ಆಡಿಸಿದರೆ ಮರಿ ಮೂಗು ಬಿಟ್ಟು ಕಣ್ಣಿನಿಂದ ಹುಡುಕಲು ಕಲಿಯುತ್ತದೆ. ಈ ಹಂತದಲ್ಲಿ ಕಲಿಸಬೇಕಾದ್ದು ಇಷ್ಟೇ: ಹೆಸರು ಹಿಡಿದು ಕರೆದರೆ ಬರಬೇಕು, ಬಂದರೆ ಲಾಭ ಇದೆ ಎಂದು ಗೊತ್ತಾಗಬೇಕು. ಕರೆದು ಬೈದರೆ, ಕರೆದು ಹೊಡೆದರೆ, ಕರೆದು ಸ್ನಾನಕ್ಕೆ ಒಯ್ದರೆ ಆ ಶಬ್ದ ಕೆಟ್ಟುಹೋಯಿತೆಂದೇ ಲೆಕ್ಕ.

ಆರು ತಿಂಗಳು ದಾಟಿದ ಮೇಲೆ ಉದ್ದನೆಯ ಹಗ್ಗ ಬರುತ್ತದೆ, ಇಪ್ಪತ್ತು ಮೂವತ್ತು ಅಡಿಯದು. ನಾಯಿ ಸ್ವತಂತ್ರವಾಗಿ ಓಡಾಡುತ್ತದೆ, ಆದರೆ ಮಾತು ಮೀರಿದರೆ ಹಗ್ಗದ ತುದಿಯಲ್ಲಿ ಮನುಷ್ಯ ಇದ್ದಾನೆ. ಪಳಗಿಸುವವರು ಹೆಚ್ಚು ಹೊತ್ತು ಕಳೆಯುವುದು ಒಂದೇ ಆಜ್ಞೆಯ ಮೇಲೆ: ನಿಲ್ಲು. ಕೂರುವುದಲ್ಲ, ಮಲಗುವುದಲ್ಲ, ನಾಲ್ಕು ಕಾಲಲ್ಲಿ ನಿಂತಲ್ಲೇ ನಿಲ್ಲುವುದು. ಮೊದಲು ಅನ್ನದ ತಟ್ಟೆಯ ಮುಂದೆ, ಆಮೇಲೆ ನಡೆಯುತ್ತಿರುವಾಗ, ಆಮೇಲೆ ಓಡುತ್ತಿರುವಾಗ. ಮಾಸ್ಟರು ಸುತ್ತ ನಡೆದರೂ ಕದಲಬಾರದು, ಮುಂದೆ ಹೋಗಿ ಹುಲ್ಲು ಒದ್ದರೂ ಕದಲಬಾರದು. ಕಡಲಕೆರೆಯ ಕರೆಯಲ್ಲಿ ಕಂಬಳದ ಎಳೆಯ ಕೋಣಗಳನ್ನು ಓಟಕ್ಕೆ ಪಳಗಿಸುವುದನ್ನು ನೋಡಿದ ಮೂಡುಬಿದಿರೆಯವರಿಗೆ ಇದರ ತಿರುವುಮುರುವು ಹೊಳೆಯಬಹುದು. ಅಲ್ಲಿ ನಿಧಾನದ ಪ್ರಾಣಿಯಿಂದ ವೇಗ ತೆಗೆಯಬೇಕು, ಇಲ್ಲಿ ವೇಗವೇ ಮೈಯಾದ ಪ್ರಾಣಿಯಿಂದ ನಿಲುಗಡೆ ತೆಗೆಯಬೇಕು. ಎರಡೂ ಒಂದು ದಿನದ ಕೆಲಸವಲ್ಲ.

ಹಕ್ಕಿಯ ಪಾಠ ಕೊನೆಗೆ. ಅಮೆರಿಕದಲ್ಲಿ ಇದಕ್ಕೆ ಸಾಕಿದ ಪಾರಿವಾಳ, ಸಾಕಿದ ಬುರ್ಲಿ ಬಳಸುತ್ತಾರೆ. ಸ್ಪ್ರಿಂಗ್ ಇರುವ ಪೆಟ್ಟಿಗೆಯಲ್ಲಿ ಹಕ್ಕಿಯನ್ನಿಟ್ಟು ಹುಲ್ಲಿನಲ್ಲಿ ಅಡಗಿಸುತ್ತಾರೆ. ವಾಸನೆ ಹಿಡಿದ ನಾಯಿ ನಿಂತರೆ ಸರಿ. ಒಂದು ಹೆಜ್ಜೆ ಮುಂದಿಟ್ಟರೆ ರಿಮೋಟ್ ಒತ್ತುತ್ತಾರೆ, ಹಕ್ಕಿ ಹಾರಿಹೋಗುತ್ತದೆ. ಇಲ್ಲಿ ಬೈಗುಳವಿಲ್ಲ, ಪೆಟ್ಟಿಲ್ಲ. ಮುಂದೆ ಹೋದರೆ ಹಕ್ಕಿ ಕೈತಪ್ಪುತ್ತದೆ, ನಿಂತರೆ ಉಳಿಯುತ್ತದೆ ಎಂದು ಹಕ್ಕಿಯೇ ನಾಯಿಗೆ ಕಲಿಸುತ್ತದೆ. ಇಡೀ ವಿದ್ಯೆಯಲ್ಲಿ ಬುದ್ಧಿವಂತಿಕೆಯ ಭಾಗ ಇದು. ತಪ್ಪಿಗೆ ಶಿಕ್ಷೆ ಮನುಷ್ಯನ ಕೈಯಿಂದ ಬಂದರೆ ನಾಯಿ ಮನುಷ್ಯನಿಗೆ ಹೆದರುತ್ತದೆ, ಇಲ್ಲವೇ ಹಕ್ಕಿಗೇ ಹೆದರಿ ವಾಸನೆ ಸಿಕ್ಕರೂ ಮುಖ ತಿರುಗಿಸುತ್ತದೆ. ಹಾಗೆ ಕೆಟ್ಟ ನಾಯಿಯನ್ನು ಸರಿಮಾಡುವುದು ಹೊಸ ಮರಿಯನ್ನು ಪಳಗಿಸುವುದಕ್ಕಿಂತ ಕಷ್ಟ.

ಕೋವಿಯ ಶಬ್ದದ್ದೂ ಇದೇ ಕತೆ. ಈಡಿಗೆ ಹೆದರಿ ಓಡುವ ನಾಯಿ ಹುಟ್ಟುವುದು ಕಡಿಮೆ, ಮನುಷ್ಯ ಮಾಡುವುದೇ ಹೆಚ್ಚು. ಮರಿಯ ಕಿವಿಯ ಬಳಿ ಒಮ್ಮೆಲೇ ಢಂ ಎನ್ನಿಸಿ ‘ನೋಡೋಣ’ ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ತಿಳಿದವರು ಮರಿ ಹಕ್ಕಿಯ ಹಿಂದೆ ಮೈಮರೆತು ಓಡುವಾಗ, ನೂರು ಗಜ ದೂರದಿಂದ, ಆಟದ ಪಿಸ್ತೂಲಿನ ಸಣ್ಣ ಸದ್ದಿನಿಂದ ಆರಂಭಿಸುತ್ತಾರೆ. ಸದ್ದು ಬಂದಾಗಲೆಲ್ಲ ಖುಷಿಯ ಸಂಗತಿ ನಡೆಯುತ್ತದೆ ಎಂಬ ನಂಟು ಮೊದಲು ಬೆಳೆಯಬೇಕು. ವಾರಗಟ್ಟಲೆ ಹಿಡಿದು ಅಂತರ ಕಡಿಮೆ ಮಾಡುತ್ತಾರೆ. ದೀಪಾವಳಿಯ ಪಟಾಕಿಗೆ ಮಂಚದಡಿ ಸೇರುವ ನಾಯಿಗಳ ಒಡೆಯರು ಈ ಭಾಗವನ್ನು ಎರಡು ಸಲ ಓದಬಹುದು. ಪಟಾಕಿಯ ಸದ್ದನ್ನು ಹಬ್ಬಕ್ಕೆ ಸಾಕಷ್ಟು ಮೊದಲೇ, ದೂರದಿಂದ, ಊಟದ ಹೊತ್ತಿಗೆ ಕೇಳಿಸಿ ರೂಢಿ ಮಾಡಿಸಿದರೆ ಹಬ್ಬದ ದಿನ ಕಷ್ಟ ಕಡಿಮೆ.

ಪೂರ್ತಿ ಪಳಗಿದ ನಾಯಿ ಹಕ್ಕಿ ಎದ್ದಾಗಲೂ ನಿಂತೇ ಇರುತ್ತದೆ, ಈಡು ಹಾರಿದಾಗಲೂ ನಿಂತೇ ಇರುತ್ತದೆ. ಜತೆಯ ನಾಯಿ ನಿಂತದ್ದನ್ನು ದೂರದಿಂದ ಕಂಡರೆ, ತನಗೆ ವಾಸನೆ ಸಿಗದಿದ್ದರೂ, ಅದನ್ನು ನಂಬಿ ತಾನೂ ನಿಲ್ಲುತ್ತದೆ. ಈ ನಾಯಿಗಳಿಗೆ ಅಮೆರಿಕದಲ್ಲಿ 1896ರಲ್ಲಿ ಶುರುವಾದ ರಾಷ್ಟ್ರೀಯ ಸ್ಪರ್ಧೆಯೊಂದಿದೆ. 1915ರಿಂದ ದಶಕಗಳ ಕಾಲ ಟೆನೆಸಿಯ ಗ್ರ್ಯಾಂಡ್ ಜಂಕ್ಷನ್ ಬಳಿಯ ಏಮ್ಸ್ ಪ್ಲಾಂಟೇಶನ್ ಅದರ ಕಣವಾಗಿತ್ತು. ಜೋಡಿ ನಾಯಿಗಳು ಮೂರು ಗಂಟೆ ಎಡೆಬಿಡದೆ ಓಡಿ ಹಕ್ಕಿ ಹುಡುಕುತ್ತವೆ, ತೀರ್ಪುಗಾರರು ಕುದುರೆಯ ಮೇಲೆ ಹಿಂದೆ ಬರುತ್ತಾರೆ. ಹಕ್ಕಿ ಎದ್ದಾಗ ಹಾರಿಸುವುದು ಗುಂಡಿಲ್ಲದ ಬರೀ ಸದ್ದಿನ ಪಿಸ್ತೂಲು. ಒಂದು ಹಕ್ಕಿಯೂ ಸಾಯುವುದಿಲ್ಲ. ಬುರ್ಲಿ ನಾಯಿಯ ವಿದ್ಯೆಗೆ ಬುರ್ಲಿಯ ಸಾವು ಅನಿವಾರ್ಯವಲ್ಲ ಎಂಬುದಕ್ಕೆ ಬೇಟೆಗಾರರ ಊರಿನಲ್ಲೇ ಸಿಗುವ ಪುರಾವೆ ಇದು. ಅಲ್ಲೂ ಬಾಬ್‌ವೈಟ್ ಸಂಖ್ಯೆ 1960ರ ದಶಕದಿಂದೀಚೆಗೆ ಭಾರಿ ಕುಸಿದಿದೆ. ಮುಖ್ಯ ಕಾರಣ ಗುಂಡಲ್ಲ, ಹುಲ್ಲು ಮತ್ತು ಪೊದೆಯ ನೆಲ ಕರಗಿದ್ದು.

ಆ ಮಾತು ನಮ್ಮ ಪದವುಗಳಿಗೂ ಸಲ್ಲುತ್ತದೆ. ಮುರಕಲ್ಲಿನ ಕೋರೆ, ರಬ್ಬರು, ಸೈಟು, ಕಾಲೇಜು ಕಟ್ಟಡ ಎಲ್ಲಕ್ಕೂ ಮೊದಲು ಕಣ್ಣಿಗೆ ಬೀಳುವುದು ‘ಖಾಲಿ ಬಿದ್ದ’ ಪದವೇ. ಅಲ್ಲಿ ಬುರ್ಲಿಯೂ ಉಂಟು, ಬುರ್ಲಿಯಂತೆಯೇ ಕಂಡರೂ ಬೇರೆ ಕುಟುಂಬಕ್ಕೆ ಸೇರಿದ ಗುಂಡು ಹಕ್ಕಿಗಳೂ ಉಂಟು. ಈ ಎರಡನೆಯದರಲ್ಲಿ ಸಂಸಾರದ ರೀತಿಯೇ ಬೇರೆ. ಹೆಣ್ಣು ದೊಡ್ಡದು, ಬಣ್ಣವೂ ಅದಕ್ಕೇ ಹೆಚ್ಚು, ಕೂಗಿ ಕರೆಯುವುದೂ ಅದೇ. ಮೊಟ್ಟೆಯಿಟ್ಟು ಅದು ಹೊರಟುಬಿಡುತ್ತದೆ. ಕಾವು ಕೂತು ಮರಿ ಸಾಕುವುದು ಗಂಡಿನ ಪಾಲು. ಗೂಡು ನೆಲದ ಮೇಲೆ, ಹುಲ್ಲಿನ ಬುಡದಲ್ಲಿ. ಬಿಟ್ಟ ನಾಯಿಯೊಂದು ಮೂಗು ತಗ್ಗಿಸಿ ಹತ್ತು ನಿಮಿಷ ಅಲೆದರೆ ಆ ಗೂಡಿನ ಕತೆ ಮುಗಿಯಿತು.

ಗೂಡು ಕೆಡಿಸಬಲ್ಲ ಅದೇ ಮೂಗಿನ ವಿದ್ಯೆ ಕರ್ನಾಟಕದ ಕಾಡಿನಲ್ಲಿ ಇಂದು ಬೇಟೆಯ ವಿರುದ್ಧವೇ ನಿಂತಿದೆ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆ 2008ರಲ್ಲಿ ಆರಂಭಿಸಿದ ಕಾರ್ಯಕ್ರಮದಡಿ ದೇಶದ ಅರಣ್ಯ ಇಲಾಖೆಗಳಿಗೆ ಪತ್ತೆನಾಯಿಗಳನ್ನು ತಯಾರು ಮಾಡಿಕೊಡಲಾಗುತ್ತದೆ. ಬಂಡೀಪುರದಲ್ಲಿ ಕೆಲಸ ಮಾಡಿ ಹೆಸರು ಗಳಿಸಿದ ರಾಣಾ ಎಂಬ ಜರ್ಮನ್ ಶೆಫರ್ಡ್ ಭೋಪಾಲದಲ್ಲಿ ಪಳಗಿ ಬಂದದ್ದು. ಇಂಥ ನಾಯಿಗಳು ತರಬೇತಿಗೆ ಸೇರುವುದು ಆರರಿಂದ ಒಂಬತ್ತು ತಿಂಗಳ ಪ್ರಾಯದಲ್ಲಿ. ಬುರ್ಲಿ ನಾಯಿಯ ಕೊರಳಿಗೆ ಉದ್ದ ಹಗ್ಗ ಬೀಳುವ ಪ್ರಾಯ ಅದು. ಮೊದಲು ಮಾತು ಕೇಳುವ ಪಾಠ, ಆಮೇಲೆ ಹುಲಿ ಚಿರತೆಗಳ ಚರ್ಮ, ಮೂಳೆಯ ವಾಸನೆ. ವಾಸನೆ ಸಿಕ್ಕ ಮೇಲೆ ಕೆದಕದೆ, ಕಚ್ಚದೆ, ಕೂತು ಸೂಚನೆ ಕೊಡಬೇಕು. ಬೆಂಗಳೂರಿನ ಆಡುಗೋಡಿಯಲ್ಲಿ ಪಳಗುವ ಪೊಲೀಸ್ ನಾಯಿಗಳಿಗೂ ಬಾಂಬಿನ ವಾಸನೆ ಸಿಕ್ಕಾಗ ಇದೇ ನಿಯಮ. ವಸ್ತು ಬದಲಾಯಿತು, ಪಾಠದ ನಡುಗಂಬ ಬದಲಾಗಲಿಲ್ಲ: ಸಿಕ್ಕಿತೆಂದು ತಿಳಿಸು, ಮುಟ್ಟಬೇಡ.

ಮನೆಯ ಬೀಗಲ್, ಸ್ಪೇನಿಯಲ್ ಮರಿಗೆ ಇಷ್ಟು ದೊಡ್ಡ ಉದ್ಯೋಗ ಬೇಕಿಲ್ಲ. ಆದರೆ ಉದ್ಯೋಗವೇ ಇಲ್ಲದ ಮೂಗು ಬೇಲಿ ಹಾರುತ್ತದೆ, ಚಪ್ಪಲಿ ಹರಿಯುತ್ತದೆ, ಕೋಳಿಗೂಡಿಗೆ ಕನ್ನ ಹಾಕುತ್ತದೆ. ಅಂಗಳದಲ್ಲಿ ಹಳೆ ಬಟ್ಟೆಯ ತುಂಡಿಗೆ ಒಂದೇ ಬಗೆಯ ವಾಸನೆ ಹಚ್ಚಿ, ಲವಂಗವೋ ಏಲಕ್ಕಿಯೋ ಸಾಕು, ಅಡಿಕೆ ಹಾಳೆಯ ಕೆಳಗೆ, ಹೂಕುಂಡದ ಹಿಂದೆ ಅಡಗಿಸಿ ಹುಡುಕಿಸಬಹುದು. ಸಿಕ್ಕಲ್ಲಿ ನಿಂತರೆ ತಿನಿಸು, ಬಟ್ಟೆ ಕಚ್ಚಿದರೆ ಏನೂ ಇಲ್ಲ. ಬೆಳಗ್ಗೆ ಮಂಜು ಇರುವಾಗ ವಾಸನೆ ನೆಲಕ್ಕೆ ಅಂಟಿರುತ್ತದೆ, ಮರಿಗೆ ಸುಲಭ. ಮಾರ್ಚ್ ತಿಂಗಳ ಮಧ್ಯಾಹ್ನದಲ್ಲಿ ಪಳಗಿದ ನಾಯಿಯೂ ಸೋಲುತ್ತದೆ. ದಿನಕ್ಕೆ ಹತ್ತು ನಿಮಿಷ ಹೆಚ್ಚಾಯಿತು. ಬೇಸರ ಬರುವ ಮೊದಲೇ ನಿಲ್ಲಿಸಬೇಕು. ಜೀವಂತ ಕೋಳಿಯನ್ನೋ ಮೊಲವನ್ನೋ ಕಟ್ಟಿಹಾಕಿ ನಾಯಿ ಛೂ ಬಿಡುವ ಹಳೆ ಚಾಳಿಯಂತೂ ಬೇಡವೇ ಬೇಡ. ಮೋಜಿಗಾಗಿ ಹೀಗೆ ಮಾಡುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಅಪರಾಧವೆನ್ನುತ್ತದೆ. ಕೆಲಸದ ದೃಷ್ಟಿಯಿಂದಲೂ ಅದು ಹಾನಿಯೇ. ಒಮ್ಮೆ ರಕ್ತದ ರುಚಿಗೆ ಬಿದ್ದ ನಾಯಿಗೆ ನಿಲ್ಲು ಎಂಬುದು ಕಿವಿಗೇ ಬೀಳುವುದಿಲ್ಲ.

ಪದವಿಗೆ ಒಯ್ಯುವುದಾದರೆ ಹಗ್ಗ ಬಿಡದಿರುವುದು ಹಕ್ಕಿಗಷ್ಟೇ ಅಲ್ಲ, ನಾಯಿಗೂ ಕ್ಷೇಮ. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಗಳ ಅಂಚಿನ ಹಾಡಿಗಳಲ್ಲಿ ಚಿರತೆ ಓಡಾಡುತ್ತದೆ. ಅದಕ್ಕೆ ನಾಯಿ ಸುಲಭದ ಊಟ. ಒಣಗಾಲದ ತರಗೆಲೆಯಲ್ಲಿ ಉಣುಗು ಮುತ್ತಿರುತ್ತವೆ, ಉಣುಗಿನಿಂದ ನಾಯಿಗೆ ಬರುವ ಜ್ವರ ಮೇಲ್ನೋಟಕ್ಕೆ ಬರೀ ಸೋಮಾರಿತನದಂತೆ ಕಾಣುತ್ತದೆ. ಮನುಷ್ಯನಿಗೂ ಉಣುಗು ಹಗುರದ ಸಂಗತಿಯಲ್ಲ. 1982–83ರಲ್ಲಿ ಬೆಳ್ತಂಗಡಿ ತಾಲೂಕನ್ನು ನಡುಗಿಸಿದ ಮಂಗನ ಕಾಯಿಲೆಯನ್ನು ಅಲ್ಲಿನ ಹಿರಿಯರು ಇನ್ನೂ ಮರೆತಿಲ್ಲ. ತಿರುಗಾಟ ಮುಗಿಸಿ ಬಂದ ಕೂಡಲೇ ಕಿವಿಯ ಒಳಮಗ್ಗುಲು, ಬೆರಳ ಸಂದು, ಕೊರಳಪಟ್ಟಿಯ ಅಡಿ ಕೈಯಾಡಿಸಿ ನೋಡಬೇಕು. ಸ್ಪೇನಿಯಲ್‌ನ ಜೋಲು ಕಿವಿಗೆ ಕರಾವಳಿಯ ತೇವ ಆಗಿಬರುವುದಿಲ್ಲ, ಮಳೆಗಾಲದಲ್ಲಿ ಅದನ್ನು ವಾರಕ್ಕೊಮ್ಮೆಯಾದರೂ ಒರೆಸಿ ಒಣಗಿಸದಿದ್ದರೆ ಒಳಗೆ ಕೊಳೆತು ನಾರುತ್ತದೆ. ಇಷ್ಟೆಲ್ಲ ಮಾಡಿ ಪಾಠ ಎಷ್ಟು ಹತ್ತಿದೆ ಎಂದು ಪರೀಕ್ಷಿಸಲು ಅನುಕೂಲವಾದ ಜಾಗ ಪಕ್ಕದ ಮನೆಯ ಅಂಗಳ. ಅಲ್ಲಿ ಹೇಂಟೆ ಹನ್ನೆರಡು ಮರಿಗಳನ್ನು ಕಟ್ಟಿಕೊಂಡು ಕೆದಕುತ್ತಿರುವಾಗ, ಹಗ್ಗ ಸಡಿಲ ಬಿಟ್ಟು, ಒಮ್ಮೆ ಮೆಲ್ಲಗೆ ‘ನಿಲ್ಲು’ ಎಂದು ನೋಡಬೇಕು; ಹಗ್ಗದ ತುದಿಯನ್ನು ಮಾತ್ರ ಕೈಗೆ ಸುತ್ತಿಕೊಂಡೇ ಇರಬೇಕು.